ಎರಡಡಿ ಸರಳು

ಪುನರ್ವಸು ಮಳೆಯ ಮೂರನೆಯ ರಾತ್ರಿ
ಪಾಲಿಬೆಟ್ಟ ಬಸ್‌ಸ್ಟ್ಯಾಂಡಿನ ನೀಲಿ ಹೂವಿನ ಮರ
ಕವಲಿನಿಂದ ಕೆಳಕ್ಕೆ ಮೊಳದುದ್ದ ಸೀಳಿತು.
ಬೀಳಲಿಲ್ಲ. ಅದೇ ತಾಪತ್ರಯ.
ಬಿದ್ದಿದ್ದರೆ ಪಂಚಾಯ್ತಿಗೆ ಒಂದು ಟ್ರ್ಯಾಕ್ಟರ್ ಸೌದೆ,
ನಮಗೆ ಒಂದು ವಾರದ ಮಾತು.

ಬೆಳಿಗ್ಗೆ ಕೊಡೆ ಹಿಡಿದವರೆಲ್ಲ ಡಾಕ್ಟರುಗಳು.
ಸಿಮೆಂಟು ತುಂಬಿ ಅಂದ ಮೇಸ್ತ್ರಿ ಅಂತೋಣಿ.
ಡಾಂಬರು ಬಳಿಯಿರಿ ಅಂತು ಆಟೋ ಸ್ಟ್ಯಾಂಡು.
ಸುತ್ತ ತಂತಿ ಬಿಗಿಯಿರಿ, ನನ್ನ ಸೊಂಟಕ್ಕೆ ಬೆಲ್ಟು ಹಾಕಿಲ್ಲವಾ,
ಅಂದರು ಹವಾಲ್ದಾರ್ ಬೆಳ್ಯಪ್ಪ.
ಲೈನ್‌ಮನ್ ಹುಡುಗ ಮಾತಾಡಲಿಲ್ಲ.
ಕರೆಂಟಿನ ತಂತಿ ನೋಡಿದ, ಕೊಂಬೆ ನೋಡಿದ,
ಕೈಯಲ್ಲಿದ್ದ ಗರಗಸ ನೋಡಿದ.

ದೇಚಮ್ಮ ಇಳಿದದ್ದು ಹತ್ತೂವರೆ ಬಸ್ಸಿಂದ.
ತೋಟಗಾರಿಕೆ ಇಲಾಖೆ ಬಿಟ್ಟು ಆರು ವರ್ಷ,
ಚೀಲದಲ್ಲಿ ಇನ್ನೂ ಕಸಿ ಚಾಕು, ದಾರದ ಉಂಡೆ.
ಸೀಳಿನೊಳಗೆ ಬೆರಳು ತೂರಿಸಿ
ಕಪ್ಪಗೆ ಕೊಳೆತ ತೊಗಟೆಯ ಪಟ್ಟಿಯೊಂದನ್ನು ಹೊರಗೆಳೆದರು.
"ಇದು ನಿನ್ನೆಯದಲ್ಲ, ಕುಂಞಾಲಿ.
ಎರಡು ಕಾಂಡ ಒತ್ತೊತ್ತಾಗಿ ದಪ್ಪಗಾದವು,
ನಡುವೆ ತೊಗಟೆ ಸಿಕ್ಕಿಕೊಂಡಿತು.
ಇಷ್ಟು ವರ್ಷ ಒಂದಾದ ಹಾಗೆ ನಟಿಸಿವೆ.
ಗಾಳಿ ಬಂದು ಕೇಳಿತು, ಹೇಳಿಬಿಟ್ಟವು."

ಆಮೇಲೆ ನನ್ನ ಕೈಗೆ ಚೀಟಿ:
ಸರಳು ಎರಡಡಿ, ಮುಕ್ಕಾಲಿಂಚು ದಪ್ಪ,
ಎರಡೂ ತುದಿಗೆ ಥ್ರೆಡ್ಡು, ಅಂಗೈಯಗಲ ವಾಷರು.
ನನ್ನ ಲೇತು ಪಲ್ಪರಿನ ಶಾಫ್ಟು ತಿರುಗಿಸಿದೆ,
ಜೀಪಿನ ಬುಷ್ಷು, ಮಿಲ್ಲಿನ ಪುಲ್ಲಿ,
ಒಮ್ಮೆ ಇಗರ್ಜಿಯ ಗಂಟೆಗೆ ನಾಲಗೆ.
ಜೀವ ಇರುವ ಗಿರಾಕಿ ಇದೇ ಮೊದಲು.
ಕರೆಂಟಿಲ್ಲ. ಜನರೇಟರಿಗೆ ಡೀಸೆಲ್ ಸುರಿದು ಕೂತೆ.

ಅಷ್ಟರಲ್ಲಿ ಚಾತ ಮೇಲೇರಿದ್ದ,
ಕಾಫಿಗೆ ಬಿಸಿಲು ಬಿಡಿಸಿ ಬಿಡಿಸಿ ಪಳಗಿದ ಕೈ.
ಮೊದಲು ಅಡಿಯಿಂದ ಒಂದು ಕಚ್ಚು,
ಗೇಣು ಆಚೆ ಮೇಲಿಂದ ಇನ್ನೊಂದು,
ಕೊಂಬೆ ತೊಗಟೆ ಸುಲಿಯದೆ ಹಗ್ಗಕ್ಕೆ ಜೋತಿತು.
ಉಳಿದ ಮೋಟನ್ನು ಕೊನೆಗೆ, ಕುತ್ತಿಗೆಯ ಉಬ್ಬು ಉಳಿಸಿ.
"ಭಾರ ಇಳಿಸಿದೆ ಅಕ್ಕಾ," ಎಂದ ಮೇಲಿಂದ,
"ಈಗ ಅದು ಉಸಿರಾಡ್ತದೆ."
ಅವನಿಗೆ ಹೇಗೆ ಗೊತ್ತೋ.

ಚೈನ್ ಬ್ಲಾಕು ಎಳೆದಂತೆ
ಹಳೆ ಬೀರುವಿನ ಬಾಗಿಲ ಹಾಗೆ ಕಿರುಗುಟ್ಟಿ ಮುಚ್ಚಿತು ಸೀಳು.
ಬೈರಿಗೆ ಇಟ್ಟೆ. ಕೈಯಲ್ಲೇ ತಿರುಗಿಸಿದೆ.
ಹಸಿ ಹೊಟ್ಟು ಬಂತು, ತಿಳಿ ಹಳದಿ, ಬೆಚ್ಚಗೆ.
ಮೂರಂಗುಲ ಒಳಗೆ
ಟಕ್.

ಬೈರಿಗೆಯ ಹಲ್ಲು ಮುರಿದಿತ್ತು.
"ಎಂತ ಅದು?" ಅಂದರು ದೇಚಮ್ಮ.
"ಕಬ್ಬಿಣ," ಅಂದೆ.

ಮರ ಎಷ್ಟೆತ್ತರ ಹೋದರೂ ಮೊಳೆ ಮೇಲೇರುವುದಿಲ್ಲ.
ಅಂದು ನನ್ನ ತಲೆಮಟ್ಟ, ಇಂದೂ ತಲೆಮಟ್ಟ.
ಹದಿನಾರರ ಹುಡುಗ, ಮೊದಲ ಅಂಗಡಿ,
'ಸೈಕಲ್ ಬಾಡಿಗೆ ಸಿಗುತ್ತದೆ' ಎಂದು ಬರೆದಿದ್ದೆ,
ಒಂದು 'ಗೆ' ನುಂಗಿ.
ಊರಿಗೆ ಊರೇ ನಕ್ಕಿತ್ತು.
ಬೋರ್ಡನ್ನು ಗೆದ್ದಲು ತಿಂದಿತು,
ಮೊಳೆಯನ್ನು ಯಾರೋ ಕಿತ್ತೊಯ್ದರು ಅಂದುಕೊಂಡಿದ್ದೆ.
ಮರವೂ ನುಂಗಿತ್ತು.

ನಾಲ್ಕು ಬೆರಳು ಪಕ್ಕಕ್ಕೆ ಸರಿದು ಮತ್ತೆ ಕೊರೆದೆ.
ಯಾರದೆಂದು ಹೇಳಲಿಲ್ಲ, ಯಾರೂ ಕೇಳಲಿಲ್ಲ.
ಸರಳು ಆ ಬದಿ ತಲೆ ತೋರಿಸಿದಾಗ
ಶಾಲೆ ಬಿಟ್ಟ ಮಕ್ಕಳು ಚಪ್ಪಾಳೆ ತಟ್ಟಿದರು.
ನಟ್ಟು ಬಿಗಿದೆ. ತೀರಾ ಬಿಗಿಯಬೇಡ ಅಂದರು, ನಿಲ್ಲಿಸಿದೆ.

ಹರಿದ ತೊಗಟೆಯ ಅಂಚನ್ನು ಚಾಕುವಿನಿಂದ ನವಿರು ಮಾಡಿ
ದೇಚಮ್ಮ ಡಾಂಬರಿನ ಡಬ್ಬಿಯನ್ನು ಆಟೋದವರಿಗೆ ವಾಪಸು ಕೊಟ್ಟರು.
"ಇನ್ನು ಮಾಯುತ್ತದಾ?"
"ಒಡೆದದ್ದು ಒಡೆದ ಹಾಗೇ ಇರ್ತದೆ ಮಾರಾಯ.
ಸುತ್ತ ಹೊಸದು ಬೆಳೀತದೆ.
ನಿನ್ನ ವಾಷರು ಹತ್ತು ವರ್ಷದಲ್ಲಿ ಕಾಣೋದಿಲ್ಲ.
ಮುಂದಿನ ಮಳೆಗಾಲಕ್ಕೆ ಬಂದು ನೋಡುವ.
ಬಿದ್ದರೂ ಬೀಳಬಹುದು."
ಕೊಡೆ ಬಿಡಿಸಿ ನಾಲ್ಕು ಗಂಟೆಯ ಬಸ್ಸಿಗೆ ನಿಂತರು,
ಅದೇ ಮರದ ಕೆಳಗೆ.

ರಾತ್ರಿ ಪಂಚಾಯ್ತಿಗೆ ಬಿಲ್ಲು ಬರೆದೆ:
ಸರಳು ಒಂದು. ನಟ್ಟು ಎರಡು. ವಾಷರು ಎರಡು.
ಡೀಸೆಲ್ ಮೂರು ಲೀಟರು.
ಮುರಿದ ಬೈರಿಗೆ ಒಂದು.
ಕೊನೆಯ ಸಾಲನ್ನು ಹೊಡೆದುಹಾಕಿದೆ.
ಅದು ನನ್ನ ಲೆಕ್ಕ.